ದ್ವೀಪ ನಡೆದು ಬಂದ ಪೆದ್ದಮ್ಮ

ಐವತ್ತೆಂಟು ವರ್ಷ ತುಂಬುವವರೆಗೆ ಪೆದ್ದಮ್ಮನಿಗೆ ಸಮುದ್ರದ ಗೊಡವೆಯೇ ಬಂದಿರಲಿಲ್ಲ. ತವರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆ. ಕೊಟ್ಟಿದ್ದು ಮಂಡಿಕಲ್ ಹತ್ತಿರದ ಬಂಡ್ರಹಳ್ಳಿಗೆ. ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು, ಕಾದು, ಮತ್ತೆ ಹತ್ತಿ ದಿನವೆಲ್ಲ ಹಾಳಾಗುತ್ತಿತ್ತು. ಹಾಗಾಗಿ ಮದುವೆಯಾದ ಹೊಸದರಲ್ಲಿ ಅವಳೂ ಗಂಡ ಕೋನಪ್ಪನೂ ಬೆಳಗಿನ ತಂಪಿಗೇ ಹೊರಟು, ಗುಡ್ಡಗಳ ಸಂದಿನ ಕುರಿಗಾಹಿಗಳ ಕಾಲುದಾರಿ ಹಿಡಿದು, ಬಿಸಿಲು ಇಳಿಯುವ ಹೊತ್ತಿಗೆ ತವರು ಸೇರಿಬಿಡುತ್ತಿದ್ದರು. ದಾರಿಯಲ್ಲಿ ಕೋನಪ್ಪ ಕಾರೆಹಣ್ಣು ಕಿತ್ತು ಮಡಿಲಿಗೆ ಹಾಕುತ್ತಿದ್ದ. ಎಲ್ಲಿ ನೀರಿದೆ, ಎಲ್ಲಿ ಕರಡಿ ಮಲಗುತ್ತದೆ, ಯಾವ ಬಂಡೆ ಮಳೆಯಲ್ಲಿ ಜಾರುತ್ತದೆ ಎಂಬುದೆಲ್ಲ ಅವಳಿಗೆ ಆಗ ತಿಳಿದದ್ದು. ಆಮೇಲೆ ಸೀತಾಫಲದ ಬುಟ್ಟಿ ಹೊತ್ತು ಪೆರೇಸಂದ್ರದ ಹೆದ್ದಾರಿ ಪಕ್ಕ ಕೂರಲು ಹೋದಾಗಲೂ, ಸಸಿ ನೆಡುವ ಕೂಲಿಗೆಂದು ಗುಡ್ಡ ಹತ್ತಿದಾಗಲೂ ಆ ದಾರಿಗಳೇ.

ಅವರ ಒಬ್ಬಳೇ ಮಗಳು ತನುಜ ಓದಿ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಭೂಗೋಳದ ಪಾಠ ಹೇಳುವವಳಾದಳು. ಮಕ್ಕಳಿಗೆ ನಕ್ಷೆ ಬರೆಯಿಸುವಾಗ ಒಂದು ದಿನ ಅವಳಿಗೆ ಹೊಳೆಯಿತು: ಅಮ್ಮನ ತಲೆಯಲ್ಲಿರುವ ದಾರಿಗಳು ಯಾವ ನಕ್ಷೆಯಲ್ಲೂ ಇಲ್ಲ. ರಜೆಯಲ್ಲಿ ಬಂದು ಅಮ್ಮನ ಹಿಂದೆ ಹಿಂದೆಯೇ ನಡೆದು ಒಂದೊಂದನ್ನೂ ಗುರುತು ಹಾಕಿಕೊಂಡಳು. ಹೀಗೆ ಏಳು ವರ್ಷದ ಹಿಂದೆ ಐದು ದಿನದ ಕಾಲ್ನಡಿಗೆ ಶುರುವಾಯಿತು. ಗೌರಿಬಿದನೂರಿನಿಂದ ಹೊರಟು ಮಂಡಿಕಲ್, ಪೆರೇಸಂದ್ರ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳನ್ನು ಹಾದು ಚಿಂತಾಮಣಿಯ ಗುಡ್ಡಗಳ ಬುಡ ಸೇರುವ ದಾರಿ. ಒಂದು ಸಲಕ್ಕೆ ಹನ್ನೆರಡು ಜನ. ಮಲಗುವುದು, ಉಣ್ಣುವುದು ಹಳ್ಳಿಯ ಮನೆಗಳಲ್ಲೇ. ಮೊದಲ ಎರಡು ದಿನ ಮುಂದೆ ನಡೆಯುವವಳು ಪೆದ್ದಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲೊಂದು ಜಾಲಿಕೋಲು ಹಿಡಿದು ಅವಳು ಹೊರಟರೆ ಹಿಂದಿನವರು ಏದುಸಿರು ಬಿಡಬೇಕು.

ಬಂಡ್ರಹಳ್ಳಿಯಲ್ಲಿ ನಡಿಗೆಯವರಿಗೆ ವೆಂಕಟರಾಮಪ್ಪನ ಮನೆಯಲ್ಲಿ ವಸತಿ. ದೊಡ್ಡ ಮನೆ, ಹಿಂದೆ ದ್ರಾಕ್ಷಿ ತೋಟ, ಪಕ್ಕದಲ್ಲಿ ರೇಷ್ಮೆಹುಳು ಸಾಕುವ ಮನೆ. ಸೊಸೆ ಶೋಭಾರಾಣಿಯ ಅಡುಗೆ ತಿಂದವರು ಮುಂದಿನ ವರ್ಷ ಅದಕ್ಕಾಗಿಯೇ ಮತ್ತೆ ಬರುತ್ತಿದ್ದರು. ಜನ ಒಳಗೆ ನಡುಮನೆಯಲ್ಲಿ ಸಾಲಾಗಿ ಕೂರುವ ಹೊತ್ತಿಗೆ ಪೆದ್ದಮ್ಮ ಕೋಲು ಎತ್ತಿಕೊಳ್ಳುತ್ತಿದ್ದಳು.

“ನಾನು ಬರ್ತೀನಮ್ಮ, ಮನೇಲಿ ಅವನು ಕಾಯ್ತಾ ಇರ್ತಾನೆ.”

ಏಳು ವರ್ಷದಿಂದ ಅದೇ ಮಾತು. ಶೋಭಾರಾಣಿ ಒಳಗಿನಿಂದ ಒಂದು ಸ್ಟೀಲ್ ಡಬ್ಬಿಯಲ್ಲಿ ಸಾರು ತಂದು ಜಗಲಿಯ ಮೇಲಿಡುತ್ತಿದ್ದಳು. ಪೆದ್ದಮ್ಮ ಎತ್ತಿಕೊಂಡು ಹೋಗುತ್ತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಬರಬೇಡ ಎಂದೂ ಯಾರೂ ಅಂದಿರಲಿಲ್ಲ. ವಿಚಿತ್ರವೆಂದರೆ ಆ ಮನೆಯ ಹುಳುಮನೆಗೆ ಅವಳು ಇಪ್ಪತ್ತು ವರ್ಷ ಕೂಲಿಗೆ ಹೋದವಳು. ಕಾಲು ತೊಳೆದುಕೊಂಡು ಒಳಹೋಗಿ ತಟ್ಟೆ ತಟ್ಟೆಗೂ ಸೊಪ್ಪು ಹಾಕಿ, ಆ ಹುಳುಗಳು ಮಳೆ ಬಂದ ಹಾಗೆ ಸದ್ದು ಮಾಡಿ ತಿನ್ನುವುದನ್ನು ಕೇಳಿದವಳು. ಅಡುಗೆಮನೆ ಮಾತ್ರ ಹೊಗೆ ಬರುವ ಗವಾಕ್ಷಿಯಾಗಿಯೇ ಉಳಿದಿತ್ತು.

ಹೋದ ವರ್ಷ ಸಂಕ್ರಾಂತಿಗೆ ಮುಂಚೆ ತನುಜ ಒಂದು ಸುದ್ದಿ ತಂದಳು. ದೇಶದ ಬೇರೆ ಬೇರೆ ಕಡೆ ಹೀಗೆ ನಡಿಗೆಯ ದಾರಿ ನೋಡಿಕೊಳ್ಳುವ ಹಳ್ಳಿಯವರದೊಂದು ಒಕ್ಕೂಟ ಇದೆ. ಒಂದೂರಿನವರನ್ನು ಇನ್ನೊಂದೂರಿಗೆ ಕರೆಸಿ, ಅಲ್ಲಿಯ ದಾರಿ ನಡೆಸಿ ತೋರಿಸುತ್ತಾರೆ. ಈ ಸಲ ಬಂಡ್ರಹಳ್ಳಿಯ ಇಬ್ಬರನ್ನು ಅಂಡಮಾನಿನ ಒಂದು ದ್ವೀಪಕ್ಕೆ ಕರೆದಿದ್ದಾರೆ.

“ದ್ವೀಪ ಅಂದ್ರೆ?” ಎಂದ ಕೋನಪ್ಪ.

“ಸುತ್ತ ನೀರು, ಮಧ್ಯೆ ನೆಲ ಅಪ್ಪ.”

“ನಡುಗಡ್ಡೆ ಅನ್ನು.” ಅವನು ಹೆಂಡತಿಯ ಮುಖ ನೋಡಿದ. “ಹೋಗ್ತೀಯೇನೇ?”

“ನೀನು ಬರಲ್ವಲ್ಲ.”

ಕೋನಪ್ಪನ ಮೊಣಕಾಲುಗಳು ಸವೆದು ನಾಲ್ಕು ವರ್ಷವಾಗಿತ್ತು. ಮನೆಯಿಂದ ಡೈರಿಯವರೆಗೆ ಹೋಗಿಬರುವುದೇ ಅವನ ದಿನದ ನಡಿಗೆ. ಅವನು ಮಂಡಿ ನೀವಿಕೊಳ್ಳುತ್ತಾ, “ನಾನು ಬಂದ್ರೆ ನೀರಿಗೆ ನೂಕಿ ಬರ್ಬೇಕಷ್ಟೆ. ನೀನು ಹೋಗಿ ಬಾ. ಬಂದು ಒಂದೂ ಬಿಡ್ದೆ ಹೇಳ್ಬೇಕು,” ಎಂದ. ಹೊರಡುವ ಹಿಂದಿನ ದಿನ ಅವನೇ ಕೂತು ಹುರಿಹಿಟ್ಟು ಮಾಡಿ, ಬೆಲ್ಲ ಕುಟ್ಟಿ ಬೆರೆಸಿ, ಬಟ್ಟೆಯ ಗಂಟು ಕಟ್ಟಿದ. ಗಂಟು ಬಿಚ್ಚಿಹೋದೀತೆಂದು ಮತ್ತೆರಡು ಸಲ ಕಟ್ಟಿದ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವರು ಒಂದು ವಾರ ಬೇರೆಯಾಗಿದ್ದದ್ದು ತನುಜ ಹುಟ್ಟಿದಾಗ ಮಾತ್ರ.

ವಿಮಾನದಲ್ಲಿ ಪೆದ್ದಮ್ಮ ಮಗಳ ಕೈ ಬಿಡಲಿಲ್ಲ. ಕೆಳಗೆ ನೀಲಿ ಕಾಣಿಸಿದಾಗ, “ಇದೆಲ್ಲಾ ನೀರೇನಮ್ಮ?” ಎಂದು ಕೇಳಿದಳು. ಹೌದೆಂದಾಗ, “ನಮ್ಮ ಕಡೆಗೆ ಒಂದಿಷ್ಟು ಕೊಡ್ಬಾರ್ದಾಗಿತ್ತಾ,” ಎಂದಳು. ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಮತ್ತೆ ಐದು ಗಂಟೆ. ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂದು, ದ್ವೀಪದ ಹಡಗುಕಟ್ಟೆಯ ಮೇಲೆ ಇಳಿಯುವಾಗ ಅವಳ ಕಾಲುಗಳು ಮೊದಲ ಬಾರಿಗೆ ಅವಳ ಮಾತು ಕೇಳಲಿಲ್ಲ.

ಕಟ್ಟೆಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಓಡಿಬಂದು ತೋಳು ಹಿಡಿದಳು. ನಡುವಯಸ್ಸು, ಉಪ್ಪುಗಾಳಿಗೆ ಕಂದಿದ ಮುಖ, ದೊಡ್ಡ ಮೂಗುಬಟ್ಟು. ಅವಳು ತೆಲುಗಿನಲ್ಲಿ, “ನಿಧಾನ, ನಿಧಾನ, ನೆಲ ಇನ್ನೂ ಅಲ್ಲಾಡ್ತಾ ಇದೆ ಅನ್ಸುತ್ತೆ,” ಎಂದಳು.

ಪೆದ್ದಮ್ಮ ಕಣ್ಣರಳಿಸಿದಳು. ಅಲ್ಲಿ ಹಿಂದಿ ಬೇಕು, ಬಂಗಾಳಿ ಬೇಕು ಎಂದು ಯಾರೋ ಹೆದರಿಸಿದ್ದರು. ತವರಿನಲ್ಲಿ ಅರ್ಧ ಮಾತು ತೆಲುಗಿನಲ್ಲೇ ಆಡಿ ಬೆಳೆದವಳು ಸಮುದ್ರದ ನಡುವೆ ಆ ಭಾಷೆ ಕೇಳಿ, ಎದುರಿನವಳ ಕೈಯನ್ನು ತಾನೂ ಗಟ್ಟಿಯಾಗಿ ಹಿಡಿದುಕೊಂಡಳು. ಆ ಹೆಂಗಸಿನ ಹೆಸರು ಪೈಡಮ್ಮ. ಅವಳ ತಾತನ ಕಾಲದಲ್ಲಿ ಶ್ರೀಕಾಕುಳದ ಕಡೆಯಿಂದ ಮೀನು ಹಿಡಿಯಲು ಬಂದು ನೆಲೆಯಾದ ಮನೆತನ. ಪಕ್ಕದಲ್ಲಿದ್ದ ಅವಳ ಮಗ ಗಂಗರಾಜು, ಮೂವತ್ತರ ಆಸುಪಾಸಿನವನು, ದ್ವೀಪದ ನಡಿಗೆಯಲ್ಲಿ ದಾರಿ ತೋರಿಸುವವನು. ಹೆಸರು ಕೇಳಿದವನೇ ಅವನು ನಕ್ಕ.

“ಪೆದ್ದಮ್ಮನಾ? ಹಾಗಾದ್ರೆ ನಮ್ಮಮ್ಮನಿಗೆ ಅಕ್ಕ ಆದ್ರಿ ನೀವು.”

ತೆಲುಗಿನಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ ಅಲ್ಲವೇ. ಊರಿನಲ್ಲಿ ಅದು ಕೂಲಿಗೆ ಕರೆಯುವ ಹೆಸರಾಗಿತ್ತು, ಪಡಿತರ ಚೀಟಿಯ ಹೆಸರಾಗಿತ್ತು. ಇಲ್ಲಿ ಒಂದೇ ಗಳಿಗೆಯಲ್ಲಿ ಸಂಬಂಧವಾಗಿಬಿಟ್ಟಿತು. ಪೈಡಮ್ಮ ಅಂದಿನಿಂದಲೇ “ಅಕ್ಕಾ” ಎನ್ನತೊಡಗಿದಳು.

ಮಾರನೆಯ ಬೆಳಗ್ಗೆ ನಡಿಗೆ ಶುರು. ಪೈಡಮ್ಮನೂ ಜೊತೆಗೆ ಹೊರಟಳು. ನಾಲ್ಕು ದಿನ, ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ. ಒಂದಷ್ಟು ಹೊತ್ತು ಮರಳಿನ ದಂಡೆ, ಒಂದಷ್ಟು ಹೊತ್ತು ಕಾಡು. ಮಗಳು ಕೊಡಿಸಿದ ಕ್ಯಾನ್ವಾಸ್ ಶೂ ಪೆದ್ದಮ್ಮನ ಹಿಮ್ಮಡಿ ಕಚ್ಚಿತು. ಕಾಡಿನ ಮರಗಳ ಬೇರುಗಳು ಅವಳ ಎದೆಯೆತ್ತರಕ್ಕೆ ಗೋಡೆಯ ಹಾಗೆ ಎದ್ದು ನಿಂತಿದ್ದವು. ನೆಲ ಒದ್ದೆ, ಗಾಳಿ ಒದ್ದೆ, ಉಟ್ಟ ಸೀರೆಯೂ ಒಣಗುವ ಮಾತೇ ಇಲ್ಲ. ಬಂಡೆ, ಬಿಸಿಲು, ಒಣ ಹುಲ್ಲು ಕಂಡ ಕಣ್ಣಿಗೆ ಇಷ್ಟೊಂದು ಹಸಿರಿನಲ್ಲಿ ಯಾವುದನ್ನು ಗುರುತು ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆದರೂ ಕಾಲಿನ ಅಭ್ಯಾಸ ಬಿಡಬೇಕಲ್ಲ. ಎರಡನೆಯ ದಿನ ಮಧ್ಯಾಹ್ನ, ಕಾಡಿನಿಂದ ಹೊರಬರುವಾಗ ತನಗೆ ಗೊತ್ತಿಲ್ಲದ ಹಾಗೆಯೇ ಅವಳು ಎಲ್ಲರಿಗಿಂತ ಮುಂದಾದಳು. ಎದುರಿಗೆ ಒಂದು ಹಳ್ಳ ಸಮುದ್ರಕ್ಕೆ ಸೇರುತ್ತಿತ್ತು. ಮೊಣಕಾಲಿನಷ್ಟು ನೀರು, ಆಚೆ ದಡದಲ್ಲಿ ದಾರಿ ಚೆನ್ನಾಗಿಯೇ ಕಾಣುತ್ತಿತ್ತು. ಸೆರಗು ಸಿಕ್ಕಿಸಿ, ಸೀರೆ ಎತ್ತಿಕೊಂಡು ಇಳಿದೇಬಿಟ್ಟಳು.

“ಪೆದ್ದಮ್ಮಾ! ನಿಲ್ಲಿ!”

ಗಂಗರಾಜು ಓಡಿಬಂದು ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಅವನ ಮುಖ ಬಿಳುಚಿಕೊಂಡಿತ್ತು. ನೀರು ಏರುವ ಹೊತ್ತು ಇದು, ನೋಡುತ್ತಿರುವಂತೆಯೇ ಕುತ್ತಿಗೆಗೆ ಬರುತ್ತದೆ, ಏರುವ ನೀರಿನ ಜೊತೆ ಮೊಸಳೆಯೂ ಒಳಗೆ ಬರುತ್ತದೆ ಎಂದ. ಹೇಳುವಾಗ ದನಿ ಜೋರಾಯಿತು. “ನನ್ನ ಹಿಂದೆ ಬನ್ನಿ ಅಂತ ಬೆಳಗ್ಗೆಯೇ ಹೇಳಿದ್ದೆ. ನಿಮ್ಮ ಗುಡ್ಡ ಅಲ್ಲ ಇದು.”

ಎಲ್ಲರೂ ದಡದಲ್ಲೇ ಕೂತರು. ನೀರು ಇಳಿಯಲು ನಾಲ್ಕು ಗಂಟೆ ಬೇಕು. ಅವನು ಹೇಳಿದ ಹಾಗೆಯೇ ಹಳ್ಳ ಕಣ್ಣೆದುರಿಗೇ ಉಬ್ಬುತ್ತಾ ಹೋಯಿತು. ಈಗಷ್ಟೇ ಅವಳು ಕಾಲಿಟ್ಟಿದ್ದ ಕಲ್ಲು ಮುಳುಗಿ, ಅದರ ಪಕ್ಕದ ಗಿಡ ಮುಳುಗಿತು. ಪೆದ್ದಮ್ಮ ದೂರ ಹೋಗಿ ಒಂದು ಬೇರಿನ ಮೇಲೆ ಕೂತಳು. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಗುಡ್ಡದಲ್ಲಿ ಪಟ್ಟಣದ ಹುಡುಗ ಹುಡುಗಿಯರು ಮುಂದೆ ಓಡಿದಾಗ ತಾನು ಗದರಿಸುತ್ತಿದ್ದ ರೀತಿ ನೆನಪಾಯಿತು. ನಲವತ್ತು ವರ್ಷ ಗುಡ್ಡ ನಡೆದ ಮೇಲೂ ಮತ್ತೊಬ್ಬರು ದಾರಿ ತೋರಿಸಬೇಕಾದ ಹೆಂಗಸಾಗಿ ಕೂತಿದ್ದೇನೆ ಅನ್ನಿಸಿ ಕಣ್ಣು ತುಂಬಿಕೊಂಡಿತು.

ಪೈಡಮ್ಮ ಬಂದು ಪಕ್ಕದಲ್ಲಿ ಕೂತಳು. “ಬಯ್ದ ಅಂತ ಬೇಜಾರಾ ಅಕ್ಕಾ?”

“ಬಯ್ದಿದ್ದು ಸರಿಯಾಗೇ ಐತೆ.”

“ಅವನಪ್ಪ ಇಂಥದೇ ಹಳ್ಳದಲ್ಲಿ ಹೋದ. ಬೇರೆಯವರ ದೋಣಿ ಬಿಡಿಸೋಕೆ ಇಳಿದಿದ್ದ. ಅದಕ್ಕೇ ಇವನಿಗೆ ನೀರು ಕಂಡ್ರೆ ದನಿ ಏರುತ್ತೆ.” ಅವಳು ನೀರನ್ನು ನೋಡುತ್ತಲೇ ಹೇಳಿದಳು. “ಆಮೇಲೆ ನಾವು ಊರು ಬಿಡಣ ಅಂದ್ಕೊಂಡ್ವಿ. ಎಲ್ಲಿಗೆ ಹೋಗೋದು ಹೇಳು. ನಡೆಯೋರನ್ನ ಕರ್ಕೊಂಡು ಬರಣ ಅಂತ ಇವನು ಶುರು ಮಾಡಿದ.”

ಪೆದ್ದಮ್ಮ ಗಂಟು ಬಿಚ್ಚಿ ಹುರಿಹಿಟ್ಟು ಅವಳ ಅಂಗೈಗೆ ಹಾಕಿದಳು. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಕೋನಪ್ಪ ಅಷ್ಟು ಗಂಟು ಹಾಕಿದ್ದ. ಪೈಡಮ್ಮ ಬಾಯಿಗೆ ಹಾಕಿಕೊಂಡು, ಒಣ ಹಿಟ್ಟು ನೆತ್ತಿಗೆ ಹತ್ತಿ ಕೆಮ್ಮಿದಳು. ಇಬ್ಬರೂ ನಕ್ಕರು. ಸ್ವಲ್ಪ ಹೊತ್ತಿಗೆ ಗಂಗರಾಜುವೂ ಬಂದು, ತಲೆ ತಗ್ಗಿಸಿಕೊಂಡು, ಕೈ ಚಾಚಿದ. ಪೆದ್ದಮ್ಮ ಅವನ ಕೈ ತುಂಬ ಹಾಕಿದಳು.

ಆ ದಿನ ಉಳಿದುಕೊಂಡದ್ದು ಪೈಡಮ್ಮನ ತಂಗಿಯ ಮನೆಯಲ್ಲಿ. ಊಟಕ್ಕೆ ಕೂತಾಗ ಪೆದ್ದಮ್ಮ ಅಭ್ಯಾಸದಂತೆ ಬಾಗಿಲ ಬಳಿ ಸರಿದಳು. ಪೈಡಮ್ಮ ಅದನ್ನು ಗಮನಿಸಲೇ ಇಲ್ಲ. ಸೀದಾ ಬಂದು ತೊಡೆಗೆ ತೊಡೆ ತಾಗುವ ಹಾಗೆ ಕೂತು, ಮೀನಿನ ಮುಳ್ಳು ಬಿಡಿಸಲು ಬಾರದ ಪೆದ್ದಮ್ಮನ ತಟ್ಟೆಯಿಂದಲೇ ಮೀನು ಎತ್ತಿ, ಮುಳ್ಳು ತೆಗೆದು, ಮತ್ತೆ ಅದೇ ತಟ್ಟೆಗಿಟ್ಟಳು. ಎದುರಿಗೆ ಕೂತಿದ್ದ ತನುಜ ಅನ್ನ ಕಲಸುವುದನ್ನು ನಿಲ್ಲಿಸಿ ಅಮ್ಮನನ್ನು ನೋಡಿದಳು. ಪೆದ್ದಮ್ಮ ತಲೆಯೆತ್ತಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು.

ಮೂರನೆಯ ದಿನ ದಾರಿ ಒಂದು ಕಡೆ ದಂಡೆಯನ್ನು ಬಿಟ್ಟು ಕಾಡಿನೊಳಗೆ ಸುತ್ತು ಹಾಕಿತು. ಎದುರಿಗೇ ಚಂದದ ಮರಳು, ನೇರ ಹೋದರೆ ಅರ್ಧ ಗಂಟೆ. ಸುತ್ತಿ ಹೋದರೆ ಅರ್ಧ ದಿನ. ಮರಳಿಗೆ ಅಡ್ಡಲಾಗಿ ಒಂದು ತೆಂಗಿನ ಹಗ್ಗ ಕಟ್ಟಿತ್ತು.

“ಇಲ್ಲೇ ಯಾಕೆ ಹೋಗ್ಬಾರ್ದು?” ಎಂದು ಪೆದ್ದಮ್ಮ ಕೇಳಿದಳು.

“ಆಮೆಗಳು ಮೊಟ್ಟೆ ಇಡೋ ಕಾಲ. ದೀಪಾವಳಿ ಆದ ಮೇಲೆ ಮುಚ್ಚಿದ್ರೆ ಬೇಸಿಗೆವರೆಗೂ ಯಾರನ್ನೂ ಬಿಡಲ್ಲ,” ಎಂದಳು ಪೈಡಮ್ಮ.

“ಸರ್ಕಾರದೋರು ಮುಚ್ಚಿದ್ದಾ?”

“ನಾವೇ. ಊರೋರು ಕೂತು ಮಾತಾಡಿ ಮುಚ್ಚಿದ್ದು.”

“ಬರೋರು ಬೇಜಾರು ಮಾಡ್ಕೊಳ್ಳಲ್ವಾ? ಅದೇ ಚೆನ್ನಾಗಿರೋ ಜಾಗ.”

“ಮಾಡ್ಕೊಂತಾರೆ. ಒಂದಿಬ್ಬರು ವಾಪಸ್ ಹೋಗಿದ್ದೂ ಉಂಟು. ಮೊದಲ ವರ್ಷ ನಮ್ಮೂರಲ್ಲೂ ಜಗಳ ಆಯ್ತು. ಏನ್ಮಾಡೋದು ಅಕ್ಕಾ, ಆಮೆಗೆ ಬೇರೆ ಮರಳು ಎಲ್ಲಿದೆ?”

ಮರುದಿನ ಬೆಳಕು ಹರಿಯುವಾಗ ಪೈಡಮ್ಮ ಅವಳನ್ನು ಆ ಮರಳಿನ ಇನ್ನೊಂದು ತುದಿಯ ಹಗ್ಗದವರೆಗೆ ಕರೆದುಕೊಂಡು ಹೋದಳು. ಮರಳಿನ ಮೇಲೆ ನೀರಿನಿಂದ ಗಿಡಗಳ ಬುಡದವರೆಗೆ ಟ್ರ್ಯಾಕ್ಟರಿನ ಚಕ್ರ ಉರುಳಿದಂಥ ಗುರುತು. ಅಲ್ಲಿಂದ ಮತ್ತೆ ನೀರಿಗೆ ಇನ್ನೊಂದು. ಎಷ್ಟು ಭಾರದ ಜೀವವೋ, ಮೈಯೆಳೆದುಕೊಂಡು ಬಂದು, ಮೊಟ್ಟೆಯಿಟ್ಟು, ಮುಚ್ಚಿ, ಹೋಗಿತ್ತು. ಪೆದ್ದಮ್ಮ ಹಗ್ಗದ ಈಚೆಯೇ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಅವಳ ಮನಸ್ಸಿಗೆ ಬಂದದ್ದು ಸಮುದ್ರವಲ್ಲ, ತಮ್ಮೂರ ಜೋಡಿಬಂಡೆ ಬೆಟ್ಟದ ಮೇಲಿನ ದೊಣೆ.

ದೊಣೆಯೆಂದರೆ ಬಂಡೆಯ ನಡುವೆ ತಾನಾಗಿಯೇ ನೀರು ನಿಲ್ಲುವ ಕೊಳ. ಆ ಬೆಟ್ಟದಲ್ಲಿ ಬೇಸಿಗೆಗೂ ನೀರಿರುವುದು ಅದೊಂದೇ. ಕರಡಿ, ನರಿ, ನವಿಲು, ಮುಳ್ಳುಹಂದಿ ಎಲ್ಲಕ್ಕೂ ಅದೇ. ನಡಿಗೆಯ ಗುಂಪುಗಳ ಜೊತೆಗೆ ಶನಿವಾರ ಭಾನುವಾರ ಬೈಕಿನಲ್ಲಿ ಬರುವವರೂ ಸೇರಿ, ಈಚೆಗೆ ಅಲ್ಲಿ ಕಾಲು ತೊಳೆಯುವುದು, ಸ್ನಾನ ಮಾಡುವುದು ಹೆಚ್ಚಾಗಿತ್ತು. ತನ್ನ ಗುಂಪಿನವರನ್ನು ಅವಳು ತಡೆಯುತ್ತಿದ್ದಳು. ಆದರೆ ಅವರ ಬಾಟಲಿಗಳು ತುಂಬುತ್ತಿದ್ದುದೂ ಆ ನೀರಿನಿಂದಲೇ.

ಊರಿಗೆ ಬಂದ ಮೇಲೆ ಕೋನಪ್ಪನಿಗೆ ಎಲ್ಲ ಹೇಳಲು ಮೂರು ದಿನ ಹಿಡಿಯಿತು. ಅವನು ಗೋಡೆಗೊರಗಿ ಕಾಲು ಚಾಚಿಕೊಂಡು ಕೇಳಿದ. ಹಳ್ಳದ ಕಥೆ ಬಂದಾಗ ಅವಳ ರಟ್ಟೆ ಮುಟ್ಟಿ ನೋಡಿದ. “ಆ ಹುಡುಗ ಹಿಡ್ಕೊಂಡಿದ್ದು ಇಲ್ಲೇನಾ?” ಎಂದ. ಹೌದು ಎಂದಳು. ಸ್ವಲ್ಪ ಹೊತ್ತು ಅಲ್ಲೇ ಕೈಯಿಟ್ಟುಕೊಂಡಿದ್ದ.

“ಯ್ಯೋ, ನಾನೊಂದು ಅಂದ್ಕೊಂಡಿದ್ದೀನಿ,” ಎಂದಳು ಅವಳು. “ಶಿವರಾತ್ರಿಯಿಂದ ಮಳೆ ಬರೋವರ್ಗೂ ಬೆಟ್ಟದ ದಾರಿ ಮುಚ್ಚಿಬಿಡಣ.”

“ಬೇಸಿಗೆ ರಜಕ್ಕೇ ತಾನೆ ಜನ ಜಾಸ್ತಿ ಬರೋದು?”

“ಅದಕ್ಕೇ.”

ಕೋನಪ್ಪ ಯೋಚಿಸಿದ. “ವೆಂಕಟರಾಮಪ್ಪ ಒಪ್ಪಲ್ಲ. ಆದ್ರೂ ಕೇಳು. ನಾನೂ ಬರ್ತೀನಿ, ಡೈರಿ ತನಕ ಆದ್ರೆ ನಡೀಬಲ್ಲೆ.”

ಬೆಳಗ್ಗೆ ಹಾಲು ಹಾಕಲು ಊರೆಲ್ಲ ಸೇರುವುದು ಡೈರಿಯ ಮುಂದೆ. ಅಲ್ಲಿ ನಿಂತು ಪೆದ್ದಮ್ಮ ಹಿಂದೆಂದೂ ನಾಲ್ಕು ಜನರೆದುರು ಮಾತಾಡಿದವಳಲ್ಲ. ಗುಡ್ಡದಲ್ಲಿ ಹನ್ನೆರಡು ಜನ ಅಪರಿಚಿತರಿಗೆ ಗಟ್ಟಿಯಾಗಿ ಹೇಳುವವಳಿಗೆ ಊರಿನ ಮುಖಗಳೆದುರು ನಾಲಗೆ ಒಣಗಿತು. ಕೋನಪ್ಪ ಕೋಲಿಗೆ ಆತು ನಿಂತು ಕಣ್ಣಿನಲ್ಲೇ ಹೇಳು ಎಂದ.

“ಗೌಡ್ರೇ, ಬೆಟ್ಟದ ದಾರಿ ಮೂರು ತಿಂಗಳು ಮುಚ್ಚಬೇಕು ಅಂತ ಕೇಳ್ಕೊಳ್ತಾ ಇದ್ದೀನಿ,” ಎಂದು ವೆಂಕಟರಾಮಪ್ಪನ ಕಡೆ ನೋಡಿ ಶುರು ಮಾಡಿದಳು. ದೊಣೆಯ ನೀರಿನ ಮಾತು ಹೇಳಿದಳು. ಹೋದ ವರ್ಷ ಯುಗಾದಿಯ ಹಿಂದೆ ಮುಂದೆ ತಾನು ಕಂಡದ್ದನ್ನು ಹೇಳಿದಳು: ತಳದಲ್ಲಿ ಬರೀ ಕೆಸರು, ಕೆಸರಿನಲ್ಲಿ ಕರಡಿ ಉಗುರಿನಿಂದ ಕೆರೆದ ಗುರುತು, ಪಕ್ಕದಲ್ಲೇ ಶಾಂಪೂ ಪೊಟ್ಟಣ.

ವೆಂಕಟರಾಮಪ್ಪ ಹಾಲಿನ ಕ್ಯಾನ್ ಕೆಳಗಿಟ್ಟ. “ಅಲ್ಲಮ್ಮ ಪೆದ್ದಮ್ಮ, ರಜದಲ್ಲಿ ಸ್ಕೂಲ್ ಮಕ್ಕಳು ಎಷ್ಟು ಜನ ಬರ್ತಾರೆ ಗೊತ್ತಲ್ಲ. ನಿಮ್ಮ ಮಗಳೇ ತಾನೆ ಇದನ್ನೆಲ್ಲಾ ಶುರು ಮಾಡಿದ್ದು? ಈಗ ನೀವೇ ಬಾಗಿಲು ಹಾಕಣ ಅಂತೀರಲ್ಲ. ಅಲ್ಲೆಲ್ಲೋ ಸಮುದ್ರದಲ್ಲಿ ಏನೋ ಮಾಡ್ತಾರೆ ಅಂತ ನಾವೂ ಮಾಡೋಕಾಗುತ್ತಾ?”

ಆಗ ಸಾಲಿನಲ್ಲಿ ನಿಂತಿದ್ದ ಶೋಭಾರಾಣಿ, ಸೆರಗು ಸರಿಪಡಿಸಿಕೊಂಡು, ಮೆಲ್ಲಗೆ ಅಂದಳು:

“ಮಾವ, ಹೋದ ಬೇಸಿಗೇಲಿ ಕರಡಿ ನಮ್ಮ ದ್ರಾಕ್ಷಿ ತೋಟದ ಡ್ರಿಪ್ ಪೈಪೆಲ್ಲಾ ಕಚ್ಚಿ ಹಾಕಿರಲಿಲ್ವಾ? ನಾನು ಸೊಪ್ಪು ಕೊಯ್ಯೋಕೆ ಹೋದಾಗ ಹತ್ತು ಮಾರು ದೂರದಲ್ಲಿ ನಿಂತಿತ್ತು. ಮೇಲೆ ನೀರಿದ್ದಿದ್ರೆ ಅದು ಯಾಕೆ ಇಳ್ದು ಬರ್ತಿತ್ತು?”

ಸೊಸೆ ಡೈರಿಯ ಮುಂದೆ ಎದುರಾಡಿದಳೆಂದು ಯಾರೋ ಗಂಟಲು ಸರಿಪಡಿಸಿಕೊಂಡರು. ವೆಂಕಟರಾಮಪ್ಪ ಅವಳನ್ನೇ ನೋಡಿದ. ಕರಡಿ ಎದುರಿಗೆ ನಿಂತಿದ್ದ ಸುದ್ದಿ ಅವನಿಗೆ ಹೊಸದು. “ನನಗ್ಯಾಕಮ್ಮ ಹೇಳ್ಲಿಲ್ಲ?” ಎಂದಷ್ಟೇ ಕೇಳಿದ. ಆ ದಿನ ಏನೂ ತೀರ್ಮಾನವಾಗಲಿಲ್ಲ. ಶಿವರಾತ್ರಿಗೆ ಎರಡು ದಿನವಿರುವಾಗ ಅವನೇ ಕೋನಪ್ಪನ ಮನೆ ಮುಂದೆ ಬೈಕು ನಿಲ್ಲಿಸಿ, ಇಳಿಯದೆಯೇ, “ಈ ವರ್ಷ ಒಂದು ಸಲ ನೋಡಣ. ಹಗ್ಗ ಗಿಗ್ಗ ಬೇಡ, ಒಂದು ಬೋರ್ಡ್ ಬರೆಸಿ,” ಎಂದು ಹೇಳಿ ಹೋದ.

ಬೋರ್ಡು ಬಂತು. ಬೈಕಿನವರು ಕೆಲವರು ಅದನ್ನು ದಾಟಿಯೂ ಹೋದರು. ಪೆದ್ದಮ್ಮ ಬೆಟ್ಟದ ಬುಡದಲ್ಲಿ ಹೊಂಗೆಮರದ ಕೆಳಗೆ ಕೂತು, ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಹಿಂದಕ್ಕೆ ಕಳಿಸಿದಳು. ರಜದ ಗುಂಪುಗಳಿಗೆ ತನುಜ ಬಯಲಿನ ದಾರಿ, ಹುಳುಮನೆ, ಕೆರೆ ಏರಿ ತೋರಿಸಿದಳು. ಕೆಲವು ಶಾಲೆಯವರು ಬರುವುದನ್ನೇ ಬಿಟ್ಟರು. ಅದು ಕಷ್ಟದ ಬೇಸಿಗೆ. ಆದರೆ ಕರಡಿ ತೋಟಕ್ಕೆ ಇಳಿಯಲಿಲ್ಲ. ಮೊದಲ ಮಳೆಯ ಮಾರನೆಯ ದಿನ ಪೆದ್ದಮ್ಮ ಒಬ್ಬಳೇ ಹತ್ತಿ ಹೋದಾಗ ದೊಣೆಯಲ್ಲಿ ಹಳೆಯ ನೀರೇ ಅರ್ಧ ಉಳಿದಿತ್ತು. ದಡದ ಕೆಸರಿನಲ್ಲಿ ಎಷ್ಟು ಬಗೆಯ ಹೆಜ್ಜೆಗಳೆಂದರೆ ಅವಳಿಗೂ ಎರಡು ಮೂರು ಗುರುತು ಹತ್ತಲಿಲ್ಲ.

ಡಿಸೆಂಬರಿನಲ್ಲಿ, ಒಕ್ಕೂಟದ ಲೆಕ್ಕದಲ್ಲಿ ದ್ವೀಪದವರು ಇಲ್ಲಿಗೆ ಬರುವ ಸರದಿ. ಪೈಡಮ್ಮನೂ ಗಂಗರಾಜುವೂ ಬಂದರು. ಚಿಕ್ಕಬಳ್ಳಾಪುರದ ಚಳಿಗೆ ಪೈಡಮ್ಮ ಎರಡು ಸ್ವೆಟರಿನ ಮೇಲೆ ಕೋನಪ್ಪನ ಕಂಬಳಿ ಹೊದ್ದು, “ಇಂಥಾ ಗಾಳಿಯಲ್ಲಿ ಹೇಗೆ ಬದುಕ್ತೀರ ಅಕ್ಕಾ!” ಎಂದು ಹಲ್ಲು ಕಟಕಟಿಸಿದಳು. ಕೋನಪ್ಪ ಒಲೆಯ ಮುಂದೆ ಕೂತು ಹಂಡೆ ಹಂಡೆ ನೀರು ಕಾಯಿಸಿದ. ಅವರು ಅವನ ಮನೆಯಲ್ಲೇ ಉಳಿದರು. ಅವನು ಗಂಗರಾಜುವಿನ ಕೈ ಹಿಡಿದು, ಏನೋ ಹೇಳಬೇಕೆಂದು ಬಾಯಿ ತೆರೆದು, ಕೊನೆಗೆ “ಊಟ ಮಾಡಪ್ಪ,” ಎಂದ.

ಮಾರನೆಯ ಮಧ್ಯಾಹ್ನ ನಡಿಗೆಯ ಹೊಸ ಗುಂಪೊಂದು ಊರು ಸೇರಿತು. ದ್ವೀಪದವರಿಗೂ ಸೇರಿಸಿ ವೆಂಕಟರಾಮಪ್ಪನ ಮನೆಯಲ್ಲಿ ಊಟ. ಅವರೆಕಾಳಿನ ಸಾರಿನ ವಾಸನೆ ಬೀದಿಯವರೆಗೆ ಬಂದಿತ್ತು. ಎಲ್ಲರೂ ಕಾಲು ತೊಳೆದು ಒಳಗೆ ಹೋಗುವಾಗ ಪೆದ್ದಮ್ಮ ಕೋಲು ಎತ್ತಿಕೊಂಡಳು. “ನಾನು ಬರ್ತೀನಮ್ಮ, ಮನೇಲಿ...”

ಹೊಸಿಲು ದಾಟಿದ್ದ ಪೈಡಮ್ಮ ತಿರುಗಿ ನೋಡಿದಳು. “ಎಲ್ಲಿಗೆ ಅಕ್ಕಾ?”

“ನೀವು ಉಣ್ರಿ. ಅವನು ಕಾಯ್ತಾ ಇರ್ತಾನೆ.”

“ಭಾವ ಆಗಲೇ ಉಂಡ. ನನ್ನೆದುರಿಗೇ ಉಂಡ.” ಅವಳು ಇಳಿದು ಬಂದು ಪೆದ್ದಮ್ಮನ ಕೈ ಹಿಡಿದಳು. “ನೀನು ಕೂರದೆ ನಾನು ಹೇಗೆ ಕೂರಲಿ? ಬಾ.”

ಪೈಡಮ್ಮನಿಗೆ ಆ ಹೊಸಿಲಿನ ಲೆಕ್ಕ ನಿಜವಾಗಿಯೂ ಗೊತ್ತಿರಲಿಲ್ಲ. ಪೆದ್ದಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು, ಪೈಡಮ್ಮ ಬಿಡಲಿಲ್ಲ. ಜಗಲಿಯ ಕೊನೆಯಲ್ಲಿ ವೆಂಕಟರಾಮಪ್ಪ ಪೇಪರು ಹಿಡಿದು ಕೂತಿದ್ದ. ತನುಜ ಒಳಗೂ ಹೋಗದೆ ಹೊರಗೂ ಬರದೆ ಬಾಗಿಲಲ್ಲಿ ನಿಂತುಬಿಟ್ಟಳು.

ಶೋಭಾರಾಣಿ ಸೌಟು ಹಿಡಿದುಕೊಂಡೇ ಹೊರಬಂದಳು. ಎಲ್ಲರನ್ನೂ ಒಮ್ಮೆ ನೋಡಿದಳು.

“ನಡುಮನೆಯೆಲ್ಲಾ ತುಂಬೋಗೈತೆ,” ಎಂದಳು. “ಪೆದ್ದಮ್ಮಾ, ನೀವಿಬ್ರೂ ಒಳಗೆ ಅಡುಗೆಮನೇಲೇ ಕೂತ್ಕೊಳ್ಳಿ. ನಾನೂ ಇನ್ನೂ ಉಂಡಿಲ್ಲ, ಒಟ್ಟಿಗೆ ಕೂರಣ.”

ಪೇಪರಿನ ಹಾಳೆ ತಿರುವಿದ ಸದ್ದಾಯಿತು. ವೆಂಕಟರಾಮಪ್ಪ ತಲೆಯೆತ್ತಲಿಲ್ಲ. ಇನ್ನೊಂದು ಹಾಳೆ ತಿರುವಿ, “ಸಾರು ಬಿಸಿ ಮಾಡಿ ಬಡಿಸಮ್ಮ, ಚಳಿ ಐತೆ,” ಎಂದ.

ಆ ಅಡುಗೆಮನೆ ಪೆದ್ದಮ್ಮ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಇಷ್ಟು ವರ್ಷ ಹೊರಗಿನಿಂದ ನೋಡುವಾಗ ಅದೇನೋ ದೊಡ್ಡದಿರಬೇಕು ಅನ್ನಿಸುತ್ತಿತ್ತು. ಒಂದು ಗ್ಯಾಸ್ ಒಲೆ, ಒಂದು ಸೌದೆ ಒಲೆ, ಮಸಿ ಹಿಡಿದ ಸೂರು, ಗೂಟಕ್ಕೆ ಸಿಕ್ಕಿಸಿದ ಮೊರ. ಮೂವರು ಕೂತರೆ ಮಂಡಿಗಳು ತಾಗುತ್ತಿದ್ದವು. ಶೋಭಾರಾಣಿ ಮುದ್ದೆ ಇಟ್ಟು, ಸಾರು ಬಿಟ್ಟು, ತಾನೂ ತಟ್ಟೆ ಹಾಕಿಕೊಂಡಳು. ಪೈಡಮ್ಮ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡಳು. “ಅಗೀಬಾರ್ದು, ನುಂಗ್ಬೇಕು,” ಎಂದು ಇಬ್ಬರೂ ಒಟ್ಟಿಗೇ ಹೇಳಿದರು, ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆದ್ದಮ್ಮನಿಗೆ ಮೊದಲ ತುತ್ತು ಇಳಿಯಲು ತಡವಾಯಿತು. ಎರಡನೆಯದು ಇಳಿಯಿತು.

“ಉಪ್ಪು ಸರಿಯಾಗೈತಾ?” ಎಂದು ಶೋಭಾರಾಣಿ ಕೇಳಿದಳು.

“ಏಳು ವರ್ಷದಿಂದ ತಿಂತಾ ಇದ್ದೀನಲ್ಲಮ್ಮ. ಯಾವತ್ತೂ ಸರಿಯಾಗೇ ಇರ್ತೈತೆ,” ಎಂದಳು ಪೆದ್ದಮ್ಮ. ಶೋಭಾರಾಣಿ ಎದ್ದು ಒಲೆಯ ಕಡೆ ತಿರುಗಿಕೊಂಡಳು. ಆರಿಹೋಗಿದ್ದ ಒಲೆಯನ್ನು ಸುಮ್ಮನೆ ಊದಿದಳು.

ಮುಂದಿನ ಗುಂಪು ಬಂದಾಗ ಏನಾಗುತ್ತದೋ ಎಂದು ಪೆದ್ದಮ್ಮ ಜಗಲಿಯ ಬಳಿ ನಿಂತೇ ನಿಂತಳು. ಒಳಗಿನಿಂದ, “ತಣ್ಣಗಾಗ್ತಾ ಐತೆ, ಬನ್ನಿ,” ಎಂಬ ದನಿ ಬಂತು. ವೆಂಕಟರಾಮಪ್ಪ ಆ ಹೊತ್ತಿಗೆ ತೋಟಕ್ಕೆ ಹೋಗಿಬಿಡುವುದನ್ನು ರೂಢಿ ಮಾಡಿಕೊಂಡ. ಊರಿನಲ್ಲಿ ಕೆಲವರು ಮಾತಾಡಿಕೊಂಡರು, ಆಮೇಲೆ ಬೇರೆ ಮಾತು ಸಿಕ್ಕಿತು. ಆದರೆ ಅದು ಮುಂದಿನ ಮಾತು.

ಆ ಊಟದ ಮರುದಿನ ಬೆಳಗ್ಗೆ ಎಲ್ಲರೂ ಜೋಡಿಬಂಡೆ ಬೆಟ್ಟ ಹತ್ತಿದರು. ಗಂಗರಾಜು ಪೆದ್ದಮ್ಮನ ಹಿಂದೆಯೇ, ಅವಳ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆದ. ಒಂದು ಕಡೆ ಸಡಿಲ ಕಲ್ಲಿನ ಮೇಲೆ ಕಾಲಿಡಲು ಹೋದವನನ್ನು ಅವಳು ಗದರಿಸಿದಳು. ಅವನು “ಸರಿ ಪೆದ್ದಮ್ಮಾ,” ಎಂದು ಕಾಲು ತೆಗೆದ. ಪೈಡಮ್ಮನಿಗೆ ಮಾತ್ರ ಅರ್ಧ ಹತ್ತುವಷ್ಟರಲ್ಲಿ ಉಸಿರು ಸಾಕಾಯಿತು. ಸಮತಟ್ಟಾದ ಮರಳಿನಲ್ಲಿ ದಿನವಿಡೀ ನಡೆಯುವ ಕಾಲುಗಳು ಬಂಡೆಯ ಏರಿಗೆ ನಡುಗಿದವು. ಅವಳು ಒಂದು ಚಪ್ಪಟೆ ಕಲ್ಲಿನ ಮೇಲೆ ಕುಸಿದು, “ನನ್ನ ಇಲ್ಲೇ ಬಿಟ್ಟು ಹೋಗಿ,” ಎಂದಳು.

ಪೆದ್ದಮ್ಮ ಮಗಳ ಕೈಗೆ ಜಾಲಿಕೋಲು ಕೊಟ್ಟಳು. “ಮುಂದೆ ನೀನು ಕರ್ಕೊಂಡು ಹೋಗಮ್ಮ. ಎಡಗಡೆ ಬಂಡೆ ಹಿಡ್ಕೊಂಡೇ ಹೋಗಿ.” ಆಮೇಲೆ ಪೈಡಮ್ಮನ ಪಕ್ಕ ಕೂತು, ಮಡಿಲಿನಿಂದ ಬೇಯಿಸಿದ ಕಡಲೆಕಾಯಿ ತೆಗೆದಳು.

ಕೆಳಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕೆರೆ, ಹಿಪ್ಪುನೇರಳೆಯ ಸಾಲು, ಪೆರೇಸಂದ್ರದ ಹೆದ್ದಾರಿಯಲ್ಲಿ ಹೋಗುವ ಲಾರಿಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಪೈಡಮ್ಮ ಕಂಬಳಿಯನ್ನು ಇಬ್ಬರ ಹೆಗಲಿಗೂ ಬರುವ ಹಾಗೆ ಎಳೆದಳು. ಗಂಡ ಹೋದ ಮೇಲೆ ತಾನು ಒಂದು ವರ್ಷ ಸಮುದ್ರದ ಕಡೆ ಮುಖ ಮಾಡಿ ಮಲಗಿರಲಿಲ್ಲ ಎಂದು, ಯಾರಿಗೂ ಹೇಳಿರಲಿಲ್ಲ ಎಂದು, ಅವಳು ಸಿಪ್ಪೆ ಬಿಡಿಸುತ್ತಾ ಹೇಳತೊಡಗಿದಳು. ಪೆದ್ದಮ್ಮ ಮಧ್ಯೆ ಮಾತಾಡದೆ ಕೇಳಿದಳು. ಕಾಯಿ ಬಿಡಿಸಿ ಅವಳ ಕೈಗೆ ಕೊಡುತ್ತಾ ಹೋದಳು.

ಮೇಲಿನಿಂದ ತನುಜಳ ಕೂಗು ಕೇಳಿಸಿತು. “ಅಮ್ಮಾ, ಬರ್ತೀರಾ? ಕಾಯಣಾ?”

“ನೀವು ಹೋಗ್ರಮ್ಮ,” ಎಂದು ಪೆದ್ದಮ್ಮ ಕೂಗಿ ಹೇಳಿದಳು. “ನಾವು ನಿಧಾನಕ್ಕೆ ಬರ್ತೀವಿ.”